ಕಾಫಿ ಹಾಕದ ಬಿಯರ್‌ಗೆ ಕಾಫಿ ಘಮ ಎಲ್ಲಿಂದ ಬಂತು?

ಹೋದ ಸಂಚಿಕೆಯಲ್ಲಿ ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಮಧ್ಯೆ ಸಕಲೇಶಪುರದಿಂದ ಬೇರೆಯದೇ ಪ್ರಶ್ನೆಯೊಂದು ಬಂದು ಕೂತಿತ್ತು. ಹುಡುಕಿದರೆ ಅದೇ ಜಾಡಿನ ಇನ್ನೂ ಕೆಲವು ಹಳೇ ಪತ್ರಗಳು ಸಿಕ್ಕವು. ಹಾಗಾಗಿ ಈ ಸಲ ಪೂರ್ತಿ ಸ್ಟೌಟ್, ಅಂದರೆ ಹುರಿದ ಕಾಳು ಹಾಕಿ ಮಾಡುವ ಕಪ್ಪು ಬಿಯರ್. ಬಿಯರ್ ಮುಟ್ಟದವರು ಪುಟ ತಿರುಗಿಸಿ ಮುಂದೆ ಹೋಗಬಹುದು, ನನಗೇನೂ ಬೇಜಾರಿಲ್ಲ.

ಪ್ರಶ್ನೆ: ನಮ್ಮದು ಕಾಫಿ ತೋಟ. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ರಜೆಗೆ ಬಂದಾಗ ನಾಲ್ಕು ಸಣ್ಣ ಬಾಟಲಿ ಕಪ್ಪು ಬಿಯರ್ ತಂದ. ಹೆಸರು ಓಲ್ಡ್ ರಾಸ್ಪುಟಿನ್. "ಕುಡಿದು ನೋಡಿ ಅಪ್ಪಾ, ಕಾಫಿ ಘಮ, ಚಾಕೊಲೇಟ್ ರುಚಿ" ಅಂದ. ಫ್ರೀಜರ್‌ನಲ್ಲಿಟ್ಟು ಚೆನ್ನಾಗಿ ತಣ್ಣಗೆ ಮಾಡಿ, ಮಾಮೂಲಿ ಬಿಯರ್ ಕುಡಿಯುವ ಹಾಗೇ ಕುಡಿದೆ. ಸಿಕ್ಕಿದ್ದು ಬರೀ ಕಹಿ, ಸೀದ ಕಷಾಯ. ಅರ್ಧ ಗಂಟೆಯಲ್ಲಿ ತಲೆ ಗಿರ್ರ್ ಅಂದಿತು. ಇದಕ್ಕೆ ನಿಜವಾಗಲೂ ಕಾಫಿ ಹಾಕಿದ್ದಾರಾ? ಉಳಿದ ಬಾಟಲಿಗಳನ್ನು ಚೆಲ್ಲಿಬಿಡಲಾ?
— ಒಬ್ಬ ಬೆಳೆಗಾರರು, ಸಕಲೇಶಪುರ

ಉತ್ತರ: ಯಜಮಾನ್ರೇ, ಖಂಡಿತ ಚೆಲ್ಲಬೇಡಿ. ನಿಮ್ಮ ಮಗ ಸುಳ್ಳು ಹೇಳಿಲ್ಲ. ನಿಮ್ಮ ನಾಲಿಗೆಯೂ ಸುಳ್ಳು ಹೇಳಿಲ್ಲ. ತಪ್ಪೆಲ್ಲ ಫ್ರೀಜರ್‌ದು.

ಮೊದಲು ಕಾಫಿ ವಿಚಾರ. ಆ ಬಾಟಲಿಯಲ್ಲಿ ಕಾಫಿ ಇಲ್ಲ, ಚಾಕೊಲೇಟೂ ಇಲ್ಲ. ಇರುವುದು ಬಾರ್ಲಿ, ಹಾಪ್ಸ್ ಹೂವು, ಯೀಸ್ಟ್, ನೀರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮನೆಯಲ್ಲಿ ರಾಗಿ ಮಾಲ್ಟ್ ಮಾಡುವವರಿಗೆ ಇದು ಗೊತ್ತಿರುವ ಕೆಲಸವೇ. ಹಳದಿ ಬಣ್ಣದ ಲಾಗರ್ ಬಿಯರ್‌ಗೆ ಅಷ್ಟು ಸಾಕು. ಸ್ಟೌಟ್‌ಗೆ ಮಾತ್ರ ಒಂದಿಷ್ಟು ಕಾಳನ್ನು ಬೇರೆ ತೆಗೆದು, ಡ್ರಮ್‌ಗೆ ಹಾಕಿ, 200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಪ್ಪಗಾಗುವ ತನಕ ಹುರಿಯುತ್ತಾರೆ. ನಿಮ್ಮ ಬೀಜವನ್ನು ಡಾರ್ಕ್ ರೋಸ್ಟ್ ಮಾಡುವಾಗಲೂ ಬಿಸಿ ಹೆಚ್ಚುಕಮ್ಮಿ ಅಲ್ಲಿಗೇ ಹೋಗುತ್ತದೆ. ಅಷ್ಟು ಬಿಸಿಯಲ್ಲಿ ಕಾಳಿನೊಳಗಿನ ಸಕ್ಕರೆಯೂ ಪ್ರೊಟೀನಿನ ಚೂರುಗಳೂ ಸೇರಿ ಹೊಸ ಹೊಸ ವಾಸನೆಗಳು ಹುಟ್ಟುತ್ತವೆ. ಪೈರಜೀನ್ ಅನ್ನುವ ಒಂದು ಗುಂಪು ಹುರಿದ ಕಾಫಿಯಲ್ಲೂ ಇದೆ, ಹುರಿದ ಬಾರ್ಲಿಯಲ್ಲೂ ಇದೆ. ಹಾಗಾಗಿ ಮೂಗು ಕಾಫಿ ಅಂದರೆ ಅದು ಮೋಸ ಹೋದದ್ದಲ್ಲ, ಗುರುತು ಹಿಡಿದದ್ದು. 'ಚಾಕೊಲೇಟ್ ಮಾಲ್ಟ್' ಅಂತ ಒಂದಿದೆ. ಅದರಲ್ಲೂ ಕೋಕೋ ಇಲ್ಲ. ಬಣ್ಣ, ಘಮ ಹಾಗಿರುವುದರಿಂದ ಆ ಹೆಸರು. (ಕೆಲವು ಕಡೆ ನಿಜವಾದ ಕಾಫಿ ಪುಡಿ ಹಾಕುವವರೂ ಇದ್ದಾರೆ. ಹಾಕಿದರೆ ಲೇಬಲ್ ಮೇಲೆ ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ.)

ನಿಮಗೆ ಇಷ್ಟವಾಗುವ ಸಂಗತಿ ಒಂದಿದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಮಾಲ್ಟ್ ಹುರಿಯುವ ತಿರುಗುವ ಡ್ರಮ್‌ಗೆ ಪೇಟೆಂಟ್ ಪಡೆದ. ಅದು ಕಾಫಿ ಹುರಿಯುವ ಡ್ರಮ್‌ನಂಥದ್ದೇ. ಅದಕ್ಕೂ ಮೊದಲು ಕಟ್ಟಿಗೆ ಬೆಂಕಿಯ ಮೇಲೆ ಕಂದು ಬಣ್ಣಕ್ಕೆ ತಂದ ಮಾಲ್ಟನ್ನೇ ಹೆಚ್ಚಾಗಿ ಬಳಸಿ ಕಪ್ಪು ಬಿಯರ್ ಮಾಡುತ್ತಿದ್ದರು. ಅದರಿಂದ ಸಿಗುವ ಸಕ್ಕರೆ ಕಮ್ಮಿ, ಖರ್ಚು ಜಾಸ್ತಿ. ಈ ಡ್ರಮ್ ಬಂದ ಮೇಲೆ ಲೆಕ್ಕ ಬದಲಾಯಿತು. ಹೆಚ್ಚಿನ ಪಾಲು ತಿಳಿ ಮಾಲ್ಟ್, ಬಣ್ಣಕ್ಕೂ ಘಮಕ್ಕೂ ಸ್ವಲ್ಪ ಕರಿ ಮಾಲ್ಟ್. ಈಗಲೂ ಅಷ್ಟೆ. ಎಷ್ಟೇ ಕಪ್ಪಗೆ ಕಂಡರೂ ಒಟ್ಟು ಕಾಳಿನಲ್ಲಿ ಚೆನ್ನಾಗಿ ಹುರಿದದ್ದು ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಪಾಲು. ಒಗ್ಗರಣೆಯ ಹಾಗೆ: ಪ್ರಮಾಣ ಸಣ್ಣದು, ಇಡೀ ಪಾತ್ರೆಯ ವಾಸನೆ ಅದರದ್ದೇ.

ಇನ್ನು ತಲೆ ಗಿರ್ರ್ ಅಂದ ವಿಚಾರ. ಕಪ್ಪು ಬಣ್ಣಕ್ಕೂ ಮತ್ತಿಗೂ ಸಂಬಂಧವಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಕಪ್ಪು ಬಿಯರ್ ಗಿನ್ನೆಸ್ ಡ್ರಾಟ್‌ನಲ್ಲಿ ಆಲ್ಕೊಹಾಲ್ ಸುಮಾರು 4.2%. ನಮ್ಮ ಅಂಗಡಿಗಳಲ್ಲಿ ಸಿಗುವ ಬಂಗಾರದ ಬಣ್ಣದ ಸ್ಟ್ರಾಂಗ್ ಬಿಯರ್ ಅದರ ಎರಡರಷ್ಟು ಹತ್ತಿರ ಬರುತ್ತದೆ. ಆದರೆ ನಿಮ್ಮ ಮಗ ತಂದದ್ದು 'ಇಂಪೀರಿಯಲ್ ಸ್ಟೌಟ್' ಜಾತಿಯದ್ದು, 9%. ಬಾಟಲಿ 355 ಮಿಲಿ. ಲೆಕ್ಕ ಹಾಕಿ: ಅದರೊಳಗಿನ ಶುದ್ಧ ಆಲ್ಕೊಹಾಲ್ 32 ಮಿಲಿ. 650 ಮಿಲಿಯ ದೊಡ್ಡ ಬಾಟಲಿ, 5%ನ ಮೈಲ್ಡ್ ಬಿಯರ್‌ನಲ್ಲಿ ಇರುವುದೂ ಅಷ್ಟೇ. 60 ಮಿಲಿಯ ಒಂದು ಲಾರ್ಜ್ ವಿಸ್ಕಿಯಲ್ಲಿ ಇರುವುದು 26 ಮಿಲಿ. ಅಂದರೆ ಆ ಪುಟ್ಟ ಬಾಟಲಿಯನ್ನು ಗಟಗಟ ಇಳಿಸಿದಾಗ ನೀವು ಒಂದೂಕಾಲು ಲಾರ್ಜನ್ನು ಗಟಗಟ ಇಳಿಸಿದ ಹಾಗಾಯಿತು. ತಲೆ ಗಿರ್ರ್ ಅನ್ನದೆ ಇನ್ನೇನಾದೀತು?

ಈ ಜಾತಿಯ ಬಿಯರ್ ಶುರುವಾದದ್ದು ಲಂಡನ್‌ನಲ್ಲಿ. 18ನೇ ಶತಮಾನದ ಕೊನೆಯ ಹೊತ್ತಿಗೆ ಥೇಮ್ಸ್ ನದಿಯ ದಕ್ಷಿಣ ದಡದ ಸದರ್ಕ್‌ನಲ್ಲಿದ್ದ ಆ್ಯಂಕರ್ ಬ್ರೂವರಿಯಿಂದ ರಷ್ಯದ ರಾಣಿ ಎರಡನೇ ಕ್ಯಾಥರೀನಳ ಆಸ್ಥಾನಕ್ಕೆ ಗಟ್ಟಿ ಪೋರ್ಟರ್ (ಸ್ಟೌಟ್‌ಗೆ ಮೂಲವಾದ ಕಪ್ಪು ಬಿಯರ್) ಹಡಗಿನಲ್ಲಿ ಹೋಗುತ್ತಿತ್ತು. 'ಇಂಪೀರಿಯಲ್' ಬಂದದ್ದು ಆ ಅರಮನೆಯಿಂದ. ದಾರಿಯಲ್ಲಿ ಹೆಪ್ಪುಗಟ್ಟದಿರಲಿ ಅಂತ ಅಷ್ಟು ಸ್ಟ್ರಾಂಗ್ ಮಾಡುತ್ತಿದ್ದರು ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾನಂತೂ ನಂಬುವುದಿಲ್ಲ. ದುಡ್ಡಿದ್ದವರು ಗಟ್ಟಿಯಾದದ್ದು ಕೇಳಿದರು, ಇವರು ಮಾಡಿಕೊಟ್ಟರು, ಅಷ್ಟೇ ಇರಬೇಕು. ಲೇಬಲ್ ಮೇಲಿನ ಗಡ್ಡದ ರಾಸ್ಪುಟಿನ್‌ಗೂ (ರಷ್ಯದ ಕೊನೆಯ ದೊರೆಯ ಕಾಲದ ಸಾಧು) ಈ ಕಥೆಗೂ ಏನೇನೂ ಸಂಬಂಧವಿಲ್ಲ. ಕ್ಯಾಥರೀನ್ ಸತ್ತದ್ದು 1796ರಲ್ಲಿ, ಅವನು ಹುಟ್ಟಿದ್ದೇ 1869ರಲ್ಲಿ. ಬಿಯರ್ ಮಾಡುವುದು ನಾರ್ತ್ ಕೋಸ್ಟ್ ಎಂಬ ಬ್ರೂವರಿ, 1988ರಲ್ಲಿ ಶುರುವಾದದ್ದು, ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್ ಎಂಬ ಕಡಲ ತಡಿಯ ಸಣ್ಣ ಊರಿನಲ್ಲಿ. ಮೊದಲು ಮರದ ಮಿಲ್ಲಿನಿಂದ ಬದುಕುತ್ತಿದ್ದ ಊರು ಅದು. ಅಕ್ಕನ ಮನೆಗೆ ಹೋದಾಗ ಅಲ್ಲಿಗೂ ಹೋಗಿ ಬಂದಿದ್ದೇನೆ. ಬೇಸಿಗೆಯಲ್ಲೂ ಮಂಜು, ಗಾಳಿ, ಮೈಮೇಲೆ ಸ್ವೆಟರ್. ಇಂಥ ಬಿಯರ್ ಯಾಕೆ ಅಲ್ಲಿ ಹುಟ್ಟಿತು ಅಂತ ಯಾರನ್ನೂ ಕೇಳಬೇಕಾಗಲಿಲ್ಲ.

ಈಗ ರುಚಿ ನೋಡುವುದು ಹೇಗೆ ಅಂತ.

ನಾನು ಹೊಟ್ಟೆಪಾಡಿಗೆ ಕಾಫಿ ಕಪ್ಪಿಂಗ್, ಅಂದರೆ ರುಚಿ ನೋಡಿ ಕಾಫಿಯ ಗುಣ ಅಳೆಯುವ ಕೆಲಸ ಮಾಡುವವಳು. ನಿಮ್ಮಂಥವರ ತೋಟದ ಸ್ಯಾಂಪಲ್ ಬಟ್ಟಲಲ್ಲಿ ಇರುತ್ತದೆ. ಬಿಸಿನೀರು ಸುರಿದು ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಲ್ಲಿ ಒಡೆದು ಮೂಗಿಡುತ್ತೇವೆ. ಆಮೇಲೆ ಸೊರ್ ಅಂತ ಎಳೆದು, ಬಾಯೆಲ್ಲ ಆಡಿಸಿ, ಉಗಿಯುತ್ತೇವೆ. ಒಂದೇ ಬಟ್ಟಲನ್ನು ಬಿಸಿ ಇದ್ದಾಗ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ, ಆರಿದ ಮೇಲೆ ಮತ್ತೊಮ್ಮೆ ನೋಡುತ್ತೇವೆ. ಬಿಸಿಯಲ್ಲಿ ಚೆಂದ ಕಂಡ ಕಾಫಿ ಆರುತ್ತಾ ಬಂದ ಹಾಗೆ ತನ್ನ ಹುಳುಕನ್ನೆಲ್ಲ ಹೊರಗೆ ಹಾಕುತ್ತದೆ. ಸ್ಟೌಟ್‌ದು ಇದರ ಉಲ್ಟಾ. ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತದೆ, ಬಿಸಿ ಏರಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಫ್ರೀಜರ್‌ನಿಂದ ಬಂದ ಬಿಯರ್‌ನಲ್ಲಿ ಘಮ ಮೇಲೇಳುವುದೇ ಇಲ್ಲ. ನಾಲಿಗೆಗೆ ಸಿಹಿಯೂ ಸರಿಯಾಗಿ ತಿಳಿಯುವುದಿಲ್ಲ. ಕಹಿ, ಒಗರು ಮಾತ್ರ ಎದ್ದು ನಿಲ್ಲುತ್ತವೆ. ನಿಮಗೆ ಸಿಕ್ಕಿದ್ದು ಅದೇ ಅಲ್ವಾ?

ಮುಂದಿನ ಬಾಟಲಿಯನ್ನು ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಕುಡಿಯುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ. 12 ಡಿಗ್ರಿ ಆಸುಪಾಸು ಬಂದರೆ ಚೆನ್ನ. ನಿಮ್ಮೂರಿನ ಡಿಸೆಂಬರ್, ಜನವರಿ ರಾತ್ರಿಯಾದರೆ ಫ್ರಿಜ್ಜೇ ಬೇಡ, ಜಗಲಿ ಮೇಲಿಟ್ಟರೂ ನಡೆಯುತ್ತದೆ. ದೊಡ್ಡ ಬಿಯರ್ ಮಗ್ ಬೇಡ. ಬ್ರಾಂದಿ ಕುಡಿಯುವ ಹೊಟ್ಟೆ ಇರುವ ಗ್ಲಾಸ್ ಇದ್ದರೆ ಅದು, ಇಲ್ಲದಿದ್ದರೆ ವೈನ್ ಗ್ಲಾಸ್. ಒಂದು ಬಾಟಲಿ ಮೂರು ಜನಕ್ಕೆ. ಒಬ್ಬರಿಗೆ ನೂರು ಮಿಲಿ ಸಾಕು, ಸುರಿದು ಬಿಡಿ.

ಮೊದಲು ನೊರೆ ನೋಡಿ. ಬಿಳಿ ಇರುವುದಿಲ್ಲ, ಬೆಲ್ಲದ ಬಣ್ಣ. ಗ್ಲಾಸನ್ನು ಬಲ್ಬಿಗೆ ಹಿಡಿದರೂ ಬೆಳಕು ದಾಟುವುದಿಲ್ಲ. ಅಂಚಿನಲ್ಲಿ ಮಾತ್ರ ಸಣ್ಣ ಕೆಂಪು ಗೆರೆ ಕಂಡೀತು. ಗ್ಲಾಸ್ ಒಮ್ಮೆ ತಿರುಗಿಸಿ ಮೂಗಿಡಿ. ಮೊದಲು ಬರುವುದು ಹುರಿದ ವಾಸನೆ: ಕಡು ಹುರಿದ ಕಾಫಿ ಬೀಜದ ಡಬ್ಬಿ ಮುಚ್ಚಳ ತೆಗೆದಾಗ ಬರುವಂಥದ್ದು. ಸಣ್ಣ ಗುಟುಕು ತೆಗೆದುಕೊಳ್ಳಿ. ನಮ್ಮ ಕಪ್ಪಿಂಗ್ ಮೇಜಿನ ಹಾಗೆ ಉಗಿಯಬೇಡಿ, ನುಂಗಿ. ಬಿಯರ್‌ನ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ನುಂಗಿದ ಮೇಲೇ ಗೊತ್ತಾಗುವುದು. ಓಲ್ಡ್ ರಾಸ್ಪುಟಿನ್‌ನಲ್ಲಿ ಕಹಿ ಎರಡು ಕಡೆಯಿಂದ ಬರುತ್ತದೆ. ಒಂದು ಕರಿ ಮಾಲ್ಟ್‌ದು, ಒಣ ಕಹಿ. ಇನ್ನೊಂದು ಹಾಪ್ಸ್‌ದು, ಹಸಿರು ಕಹಿ. ಕಹಿ ಅಳೆಯುವ ಐಬಿಯು ಲೆಕ್ಕದಲ್ಲಿ ಇದು 75. ಮಾಮೂಲಿ ಲಾಗರ್ 20ರ ಒಳಗೆ.

ಈಗ ಗ್ಲಾಸ್ ಕೆಳಗಿಟ್ಟು ಮಾತಾಡುತ್ತಾ ಕೂರಿ. ಹತ್ತು ನಿಮಿಷದ ಮೇಲೆ ಇನ್ನೊಂದು ಗುಟುಕು. ಈ ಸಲ ಕಹಿಯ ಹಿಂದಿನಿಂದ ಸಿಹಿ ಬರುತ್ತದೆ. ಆಲೆಮನೆ ಬೆಲ್ಲದ ಸಿಹಿ ಅಲ್ಲ, ಕಾಕಂಬಿಯ ಕಪ್ಪು ಸಿಹಿ. ಯೀಸ್ಟ್ ತಿನ್ನಲಾಗದೆ ಉಳಿಸಿದ ಸಕ್ಕರೆಗಳಿಂದ ಬಿಯರ್ ಬಾಯಲ್ಲಿ ದಪ್ಪಗೆ ಕೂರುತ್ತದೆ. ಕೋಕೋ ಪುಡಿಯ ರುಚಿ ಈಗ ಸಿಗಬೇಕು. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಒಣದ್ರಾಕ್ಷಿ, ಖರ್ಜೂರದ ವಾಸನೆ. ಅದು ಕಾಳಿನದ್ದಷ್ಟೇ ಅಲ್ಲ, ಯೀಸ್ಟ್‌ನ ಕೆಲಸವೂ ಹೌದು. ಕೊನೆಯ ಗುಟುಕಿನಲ್ಲಿ ಎದೆಯ ಹತ್ತಿರ ಬೆಚ್ಚಗಾಗುತ್ತದೆ. ಬೆಚ್ಚಗಾದರೆ ಸರಿ. ಗಂಟಲು ಉರಿದು ಸ್ಪಿರಿಟ್ ಘಾಟು ಹೊಡೆದರೆ ಆ ಬಿಯರ್ ಸರಿಯಾಗಿ ಮಾಡಿಲ್ಲ, ಅಥವಾ ಇನ್ನೂ ಎಳೆಯದು ಅಂತ.

ಇಷ್ಟೆಲ್ಲ ಮಾಡಿದ ಮೇಲೂ ಹಿಡಿಸದಿದ್ದರೆ? ಬಿಡಿ, ಬಲವಂತ ಏನಿದೆ? ಆದರೆ ಇದನ್ನೂ ಹೇಳಿಬಿಡುತ್ತೇನೆ. ಹಾಲು, ಸಕ್ಕರೆ ಹಾಕಿದ ಕಾಫಿಯನ್ನಷ್ಟೇ ಕುಡಿದು ಗೊತ್ತಿದ್ದರೆ ಓಲ್ಡ್ ರಾಸ್ಪುಟಿನ್ ಮೊದಲ ಮೆಟ್ಟಿಲಲ್ಲ. ಅಮೆರಿಕದವರ ಕೈ ಹಾಪ್ಸ್ ವಿಷಯದಲ್ಲಿ ಸ್ವಲ್ಪ ಉದಾರ. ಓಟ್ಸ್ ಹಾಕಿ ಮಾಡಿದ ಓಟ್‌ಮೀಲ್ ಸ್ಟೌಟ್ ನುಣುಪಾಗಿರುತ್ತದೆ. ಹಾಲಿನ ಸಕ್ಕರೆ ಹಾಕಿದ ಮಿಲ್ಕ್ ಸ್ಟೌಟ್ ಇನ್ನೂ ಸಿಹಿ. ಲ್ಯಾಕ್ಟೋಸನ್ನು ಬಿಯರ್ ಯೀಸ್ಟ್ ತಿನ್ನುವುದಿಲ್ಲ, ಹಾಗಾಗಿ ಸಿಹಿ ಹಾಗೇ ಉಳಿಯುತ್ತದೆ. ಮಗನಿಗೆ ಮುಂದಿನ ಸಲ ಇದರಲ್ಲಿ ಒಂದು ತರಲು ಹೇಳಿ. ವೆನಿಲ್ಲಾ, ಕೊಬ್ಬರಿ, ಮಾರ್ಶ್‌ಮೆಲ್ಲೋ ಎಲ್ಲ ತುರುಕಿ ಕೇಕಿನ ಹಾಗೆ ಮಾಡುವ ಸ್ಟೌಟ್‌ಗಳೂ ಈಗ ಬಹಳ ಬಂದಿವೆ. ಅವು ನನಗೆ ಆಗಿಬರುವುದಿಲ್ಲ. ಒಂದು ಗುಟುಕು ಮಜಾ, ಎರಡನೆಯದಕ್ಕೆ ಸಾಕಪ್ಪಾ ಅನಿಸುತ್ತದೆ.

ಪ್ರಶ್ನೆ: ಇಂಥ 9, 10 ಪರ್ಸೆಂಟಿನ ಸ್ಟೌಟ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?
— ರಾಜಾಜಿನಗರದ ಓದುಗರು

ಉತ್ತರ: ಹುಡುಕಿ ಸುಸ್ತಾಗಬೇಡಿ. ನಮ್ಮ ದೇಶದ ಆಹಾರ ಗುಣಮಟ್ಟದ ನಿಯಮದಲ್ಲಿ ಬಿಯರ್‌ಗೆ 8%ನ ಮಿತಿ ಇದೆ. ಅದರೊಳಗೇ ಒಳ್ಳೆಯ ಸ್ಟೌಟ್ ಮಾಡುವ ಬ್ರೂಪಬ್‌ಗಳು (ತಮ್ಮಲ್ಲೇ ಬಿಯರ್ ತಯಾರಿಸುವ ಪಬ್‌ಗಳು) ಊರಲ್ಲಿವೆ. ಹೋದಾಗ ಸೀದಾ ಪೈಂಟ್ (ಅರ್ಧ ಲೀಟರ್ ಆಸುಪಾಸಿನ ದೊಡ್ಡ ಗ್ಲಾಸ್) ಆರ್ಡರ್ ಮಾಡಬೇಡಿ. ಸ್ಯಾಂಪ್ಲರ್ ಕೇಳಿ, ಪುಟ್ಟ ಗ್ಲಾಸಿನಲ್ಲಿ ಕೊಡುತ್ತಾರೆ. ಕೊಲಂಬೋ ಕಡೆ ಹೋಗುವುದಿದ್ದರೆ ಲಯನ್ ಸ್ಟೌಟ್ ಬಿಡಬೇಡಿ, 8.8%. ಚಹಾ ತೋಟದ ನುವಾರಾ ಎಲಿಯದಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದ ಬ್ರೂವರಿಯದ್ದು. ಅಮೆರಿಕದ್ದರಷ್ಟು ಕಹಿ ಇಲ್ಲ, ಹಣ್ಣಿನ ಸಿಹಿ ಜಾಸ್ತಿ.

ಪ್ರಶ್ನೆ: ಪಬ್‌ನಲ್ಲಿ ನೈಟ್ರೋ ಸ್ಟೌಟ್ ಅಂತ ತಂದುಕೊಟ್ಟರು. ಗ್ಲಾಸಿನಲ್ಲಿ ನೊರೆಗುಳ್ಳೆ ಮೇಲೆ ಹೋಗುವ ಬದಲು ಕೆಳಗೆ ಇಳಿಯುತ್ತಿತ್ತು! ನನಗೆ ಏರಿತ್ತಾ, ಅಥವಾ ನಿಜವಾಗಲೂ ಹಾಗೇನಾ?
— ಇಂಜಿನಿಯರಿಂಗ್ ಮುಗಿಸಿದ ಹುಡುಗ, ಹುಬ್ಬಳ್ಳಿ

ಉತ್ತರ: ನಿಜವಾಗಲೂ ಹಾಗೇ. ಮಾಮೂಲಿ ಬಿಯರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಮಾತ್ರ ಇರುತ್ತದೆ. ನೈಟ್ರೋಗೆ ಬಳಸುವ ಅನಿಲದಲ್ಲಿ ಹೆಚ್ಚಿನ ಪಾಲು ನೈಟ್ರೋಜನ್. ಗಿನ್ನೆಸ್‌ನವರು 1959ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ನೈಟ್ರೋಜನ್ ಬಿಯರ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಗಾಗಿ ಗುಳ್ಳೆಗಳು ತೀರಾ ಸಣ್ಣ, ನೊರೆ ಕೆನೆಯಷ್ಟು ಗಟ್ಟಿ. ಗ್ಲಾಸಿನ ನಡುವೆ ಗುಳ್ಳೆಗಳು ಬಿಯರನ್ನು ಎಳೆದುಕೊಂಡು ಮೇಲೇರುತ್ತವೆ. ಆ ಬಿಯರ್ ಅಂಚಿನಗುಂಟ ಕೆಳಗೆ ಇಳಿಯಬೇಕಲ್ಲ? ಇಳಿಯುವಾಗ ಸಣ್ಣ ಗುಳ್ಳೆಗಳನ್ನೂ ಜೊತೆಗೆ ಕೆಳಗೆ ಎಳೆಯುತ್ತದೆ. ನಮಗೆ ಹೊರಗಿನಿಂದ ಕಾಣುವುದು ಅಂಚು ಮಾತ್ರ. ಮೇಲೆ ಅಗಲ, ಕೆಳಗೆ ಕಿರಿದಾದ ಗ್ಲಾಸಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಇಂಜಿನಿಯರ್ ಸಾಹೇಬರು ಗ್ಲಾಸನ್ನು ತಲೆಕೆಳಗು ಮಾಡಿ ಪ್ರಯೋಗ ಮಾಡಬೇಡಿ ಅಷ್ಟೆ.

ಪ್ರಶ್ನೆ: ನನ್ನ ಚಿಕ್ಕತ್ತೆ ಲಂಡನ್‌ನಲ್ಲಿ ನರ್ಸ್ ಆಗಿದ್ದವರು. ಅಲ್ಲಿ ಹೆರಿಗೆ ಆದವರಿಗೆ ಸ್ಟೌಟ್ ಕೊಡುತ್ತಿದ್ದರಂತೆ, ಕಬ್ಬಿಣದ ಅಂಶ ಇದೆ, ಹಾಲು ಚೆನ್ನಾಗಿ ಬರುತ್ತದೆ ಅಂತ. ನನ್ನ ಸೊಸೆ ಈಗ ಬಾಣಂತಿ. ಸ್ವಲ್ಪ ಕೊಡಬಹುದಾ?
— ಒಬ್ಬ ಅಜ್ಜಿ, ಉಡುಪಿ

ಉತ್ತರ: ಬೇಡಮ್ಮ. ನಿಮ್ಮ ಚಿಕ್ಕತ್ತೆ ಹೇಳಿದ್ದು ನಿಜ, ಒಂದು ಕಾಲದಲ್ಲಿ ಅಲ್ಲಿ ಹಾಗೆ ಕೊಡುತ್ತಿದ್ದರು. ಗಿನ್ನೆಸ್ ನಿಮಗೆ ಒಳ್ಳೆಯದು ಅಂತ 1929ರಿಂದ ಜಾಹೀರಾತೇ ಬರುತ್ತಿತ್ತು. ಆದರೆ ಕಬ್ಬಿಣದ ಲೆಕ್ಕ ನೋಡಿದರೆ ಒಂದು ಇಡೀ ಪೈಂಟ್‌ನಲ್ಲಿ ಇರುವುದು ಅರ್ಧ ಮಿಲಿಗ್ರಾಂಗೂ ಕಮ್ಮಿ. ಅದಕ್ಕಿಂತ ಜಾಸ್ತಿ ಒಂದು ರಾಗಿ ಮುದ್ದೆಯಲ್ಲಿದೆ. ತಾಯಿ ಕುಡಿದ ಆಲ್ಕೊಹಾಲ್ ಹಾಲಿಗೂ ಸೇರುತ್ತದೆ. ಮೇಲಾಗಿ ಹಾಲು ಇಳಿಯುವುದು ಕಮ್ಮಿಯಾಗುತ್ತದೆ, ಜಾಸ್ತಿಯಾಗುವುದಿಲ್ಲ. ಸೊಸೆಗೆ ಸುಸ್ತು ಇದ್ದರೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಸ್ಟೌಟ್ ಜೊತೆ ತಿನ್ನಲು ಏನು ಚೆನ್ನ?
— ಮಡಿಕೇರಿಯಿಂದ ಒಬ್ಬರು

ಉತ್ತರ: ಮಡಿಕೇರಿಯಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಲ್ಲ! ಪಂದಿ ಕರಿ. ಮಸಾಲೆಯನ್ನು ಕಪ್ಪಗಾಗುವಷ್ಟು ಹುರಿದಿರುತ್ತೀರಿ, ಅದು ಹುರಿದ ಮಾಲ್ಟ್ ಜೊತೆ ಸೇರಿಕೊಳ್ಳುತ್ತದೆ. ಕೊಬ್ಬು ಕಹಿಯನ್ನು ಇಳಿಸುತ್ತದೆ. ಕಾಚಂಪುಳಿಯ ಹುಳಿ ಬಿಯರ್‌ನ ದಪ್ಪ ಸಿಹಿಯನ್ನು ಕತ್ತರಿಸುತ್ತದೆ. ಹಸಿಮೆಣಸಿನಕಾಯಿ ಮಾತ್ರ ಕೈ ಹಿಡಿದು ಹಾಕಿ. ಖಾರ ಜಾಸ್ತಿಯಾದರೆ ಸ್ಟ್ರಾಂಗ್ ಸ್ಟೌಟ್ ಬಾಯನ್ನು ಇನ್ನೂ ಉರಿಸುತ್ತದೆ. ಲಂಡನ್‌ನಲ್ಲಿ ಸ್ಟೌಟ್‌ಗೆ ಹಸಿ ಆಯ್ಸ್ಟರ್ (ಕಡಲ ಚಿಪ್ಪುಜೀವಿ) ಜೋಡಿ. ಒಮ್ಮೆ ಪ್ರಯತ್ನ ಮಾಡಿದೆ, ನನ್ನ ಓಟು ಪಂದಿ ಕರಿಗೇ. ಮಾಂಸ ತಿನ್ನದವರು 70%ನ ಡಾರ್ಕ್ ಚಾಕೊಲೇಟ್ ಒಂದು ತುಂಡು ಇಟ್ಟುಕೊಳ್ಳಿ. ನಿಂಬೆಹುಳಿ ಹಿಂಡಿದ ಕಾಂಗ್ರೆಸ್ ಕಡಲೆಕಾಯಿ ಬೇಡ, ಅದು ಲಾಗರ್‌ಗೆ ಸರಿ.

ಪ್ರಶ್ನೆ: ಇಂಪೀರಿಯಲ್ ಸ್ಟೌಟನ್ನು ವರ್ಷಗಟ್ಟಲೆ ಇಡಬಹುದು ಅನ್ನುತ್ತಾರೆ. ಬಿಯರ್ ಕೆಡುವುದಿಲ್ಲವಾ?
— ಮೈಸೂರಿನ ಓದುಗರು

ಉತ್ತರ: ಮಾಮೂಲಿ ಬಿಯರ್ ಕೆಡುತ್ತದೆ, ಇಡಬೇಡಿ. ಆಲ್ಕೊಹಾಲ್ ಜಾಸ್ತಿ ಇರುವ ಸ್ಟೌಟ್ ಎರಡು ಮೂರು ವರ್ಷ ತಡೆಯುತ್ತದೆ. ಹಾಪ್ಸ್ ಕಹಿ ಇಳಿಯುತ್ತದೆ, ಘಾಟು ಕಮ್ಮಿಯಾಗುತ್ತದೆ, ಒಣಹಣ್ಣಿನ ರುಚಿ ಮುಂದೆ ಬರುತ್ತದೆ. ತೀರಾ ಜಾಸ್ತಿ ಇಟ್ಟರೆ ಸೋಯಾ ಸಾಸ್ ವಾಸನೆ, ಒದ್ದೆ ರಟ್ಟಿನ ವಾಸನೆ ಶುರು. ಆಗ ಆಸೆ ಬಿಟ್ಟು ಚೆಲ್ಲಿ. ಅಡುಗೆಮನೆಯ ಅಟ್ಟದಲ್ಲಿ ಮಾತ್ರ ಇಡಬೇಡಿ, ಒಲೆಯ ಬಿಸಿಗೆ ಆರೇ ತಿಂಗಳಲ್ಲಿ ಮುದಿಯಾಗುತ್ತದೆ. ಬೆಳಕು ಬೀಳದ, ತಣ್ಣಗಿರುವ ಜಾಗದಲ್ಲಿ ನಿಲ್ಲಿಸಿಡಿ. ವೈನ್ ಹಾಗೆ ಮಲಗಿಸುವುದು ಬೇಡ. ಎರಡು ಬಾಟಲಿ ಇದ್ದರೆ ಒಂದನ್ನು ಈಗಲೇ ಕುಡಿದು ರುಚಿ ಹೇಗಿತ್ತು ಅಂತ ಬರೆದಿಡಿ. ಇನ್ನೊಂದರ ಮೇಲೆ ತಾರೀಖು ಹಾಕಿಡಿ.